ಮಿಷಿಗನ್‌ಗೆ ಹೊಸಬರಾ? ಮೊದಲ ಕ್ಯಾಂಪಿಂಗ್‌ಗೆ ಹೊರಡುವ ಮುಂಚೆ

ಡೆಟ್ರಾಯ್ಟ್ ಕಡೆಗೆ ಹೊಸದಾಗಿ ಬಂದವರು ನಮ್ಮ ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ನಿಂತು ಪ್ರತಿ ವರ್ಷ ಒಂದು ಪ್ರಶ್ನೆ ಕೇಳುತ್ತಾರೆ: "ನೆಲದ ಮೇಲೆ ಮಲಗೋಕೆ ದುಡ್ಡು ಕೊಡ್ಬೇಕಾ?" ಹೌದು, ಕೊಡಬೇಕು. ಅದೂ ಆರು ತಿಂಗಳು ಮೊದಲೇ. ಯುಗಾದಿ ಹೊತ್ತಿಗೆ ಜುಲೈ ತಿಂಗಳ ಶನಿವಾರಗಳೆಲ್ಲ ಹೆಚ್ಚುಕಡಿಮೆ ಮುಗಿದಿರುತ್ತವೆ. ಅದಕ್ಕೇ ಈ ಮಾರ್ಗದರ್ಶಿ.

ಬುಕಿಂಗ್‌ನಿಂದ ಶುರು ಮಾಡೋಣ. ಇಲ್ಲಿನ ಸ್ಟೇಟ್ ಪಾರ್ಕ್‌ಗಳಲ್ಲಿ ನೀವು ಹೋಗಿ ಇಳಿಯುವ ದಿನಕ್ಕೆ ಸರಿಯಾಗಿ ಆರು ತಿಂಗಳ ಮುಂಚೆ, ಬೆಳಿಗ್ಗೆ 8 ಗಂಟೆಗೆ, ಬುಕಿಂಗ್ ತೆರೆಯುತ್ತದೆ. ಜುಲೈ 3ಕ್ಕೆ ಹೋಗಬೇಕೆಂದರೆ ಜನವರಿ 3ರ ಬೆಳಿಗ್ಗೆ, ಹೊರಗೆ ಹಿಮ ಬೀಳುತ್ತಿರುವಾಗ, ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಿರಬೇಕು. ತಡವಾಯಿತಾ? ಬೇಜಾರು ಬೇಡ. ಭಾನುವಾರದಿಂದ ಗುರುವಾರದವರೆಗಿನ ರಾತ್ರಿಗಳು ಸುಲಭವಾಗಿ ಸಿಗುತ್ತವೆ. ಬೇರೆಯವರು ರದ್ದು ಮಾಡಿದ ಸೈಟುಗಳೂ (ಅಂದರೆ ಟೆಂಟ್ ಹಾಕುವ ಜಾಗಗಳು) ಆಗಾಗ ಕಣ್ಣಿಗೆ ಬೀಳುತ್ತವೆ, ನೋಡುತ್ತಾ ಇರಿ. ಒಂದು ಸೈಟಿಗೆ ಸಾಮಾನ್ಯವಾಗಿ 6 ಜನ ಅಂತ ಲೆಕ್ಕ. "ಎಲ್ಲಾ ಒಂದೇ ಟೆಂಟಲ್ಲಿ ಅಡ್ಜಸ್ಟ್ ಮಾಡ್ಕೊಳ್ತೀವಿ" ಅನ್ನುವುದು ಇಲ್ಲಿ ನಡೆಯುವುದಿಲ್ಲ.

ಸೈಟಿನ ಬಾಡಿಗೆ ಬೇರೆ, ಪಾರ್ಕಿನೊಳಗೆ ಕಾರು ಒಯ್ಯಲು ಬೇಕಾದ ರಿಕ್ರಿಯೇಷನ್ ಪಾಸ್‌ಪೋರ್ಟ್ ಬೇರೆ. ಎರಡನೆಯದನ್ನು ಕಾರಿನ ರಿಜಿಸ್ಟ್ರೇಷನ್ ನವೀಕರಿಸುವಾಗಲೇ ಕಟ್ಟಿಬಿಡಬಹುದು. ಕಟ್ಟಿದ್ದೀರೋ ಇಲ್ಲವೋ ನೆನಪಿಲ್ಲದಿದ್ದರೆ ನಂಬರ್ ಪ್ಲೇಟಿನ ಮೇಲಿರುವ ವರ್ಷದ ಚೀಟಿ ನೋಡಿ. ಅದರಲ್ಲಿ 'ಪಿ' ಅಕ್ಷರ ಇದ್ದರೆ ಕಟ್ಟಿದ್ದೀರಿ ಅಂತ ಅರ್ಥ.

ಇನ್ನು ಎರಡು ಪದ ಕಲಿಯಿರಿ: ಮಾಡರ್ನ್ ಮತ್ತು ರಸ್ಟಿಕ್. ಮೊದಲ ಸಲ ನಾನು 'ರಸ್ಟಿಕ್' ಎಂದರೆ ಏನೋ ಹಳ್ಳಿ ಸೊಗಡು, ಚೆನ್ನಾಗಿರತ್ತೆ ಅಂದುಕೊಂಡು ಬುಕ್ ಮಾಡಿದೆ. ಜೊತೆಗೆ ಊರಿನಿಂದ ಬಂದಿದ್ದ ಅತ್ತೆ, ಮಾವ. ಹೋಗಿ ನೋಡಿದರೆ ಕರೆಂಟ್ ಇಲ್ಲ, ಸ್ನಾನದ ಮನೆ ಇಲ್ಲ, ನೀರಿಗೆ ಕೈಪಂಪು, ಶೌಚಕ್ಕೆ ಗುಂಡಿ ಕಕ್ಕಸು. ಅತ್ತೆ ಪಂಪು ಹೊಡೆದು ನೋಡಿ, "ಇದಕ್ಕೆ ಅಮೆರಿಕಾಕ್ಕೆ ಯಾಕೆ ಬರಬೇಕಿತ್ತು?" ಅಂದರು. ಉತ್ತರ ನನ್ನ ಹತ್ತಿರ ಇರಲಿಲ್ಲ. ಮಕ್ಕಳು, ಹಿರಿಯರು ಜೊತೆಗಿದ್ದರೆ ಮೊದಲ ಸಲ ಮಾಡರ್ನ್ ಸೈಟನ್ನೇ ಹಿಡಿಯಿರಿ. ಬಿಸಿನೀರಿನ ಸ್ನಾನ, ಫ್ಲಶ್ ಇರುವ ಟಾಯ್ಲೆಟ್, ಸೈಟಿನಲ್ಲೇ ಕರೆಂಟ್ ಪ್ಲಗ್ ಇರುತ್ತದೆ. ನೆಲದ ಮೇಲೆ ಮಲಗಲಾಗದ ಹಿರಿಯರಿದ್ದರೆ ಹಲವು ಪಾರ್ಕ್‌ಗಳಲ್ಲಿ ಮಿನಿ ಕ್ಯಾಬಿನ್‌ಗಳಿವೆ: ಮರದ ಪುಟ್ಟ ಮನೆ, ಮಂಚ, ಕರೆಂಟ್. ಹಾಸಿಗೆ, ಹೊದಿಕೆ ನಿಮ್ಮದು.

ಎಲ್ಲಿಗೆ ಹೋಗಬೇಕು? ನಮ್ಮ ಮಟ್ಟಿಗೆ ಲಡಿಂಗ್ಟನ್ ಸ್ಟೇಟ್ ಪಾರ್ಕ್‌ಗೆ ಸಾಟಿ ಇಲ್ಲ. ಡೆಟ್ರಾಯ್ಟ್ ಸುತ್ತಮುತ್ತಲಿಂದ ಸುಮಾರು ನಾಲ್ಕು ಗಂಟೆ ದಾರಿ. ಊರು ದಾಟಿದ ಮೇಲೆ ಎಂ-116 ರಸ್ತೆ ಮರಳುದಿಬ್ಬಗಳ ಮಧ್ಯೆ ಸಾಗಿ ಪಾರ್ಕಿನೊಳಗೇ ಮುಗಿದುಹೋಗುತ್ತದೆ. ಒಂದು ಕಡೆ ಸಮುದ್ರದಂಥ ಮಿಷಿಗನ್ ಸರೋವರ, ಇನ್ನೊಂದು ಕಡೆ ಹ್ಯಾಮ್ಲಿನ್ ಸರೋವರ. ಎರಡನ್ನೂ ಜೋಡಿಸುವ ಸಣ್ಣ ಹೊಳೆಯ ಹೆಸರು ಬಿಗ್ ಸೇಬಲ್. ಮಕ್ಕಳು ಟ್ಯೂಬ್ ಮೇಲೆ ಕೂತು ಅದರಲ್ಲಿ ತೇಲಿಕೊಂಡು ಬಂದು, ಮತ್ತೆ ಟ್ಯೂಬ್ ಹೊತ್ತು ಮೇಲಕ್ಕೆ ಓಡುತ್ತಾರೆ. ಸಾಯಂಕಾಲದವರೆಗೂ ಇದೇ ಆಟ. ಕ್ಯಾಂಪಿನಿಂದ ಎರಡು ಮೈಲಿಗೆ ಸ್ವಲ್ಪ ಕಮ್ಮಿ ನಡೆದರೆ 1867ರಲ್ಲಿ ಕಟ್ಟಿದ ದೀಪಸ್ತಂಭ ಸಿಗುತ್ತದೆ. ಕಪ್ಪು ಬಿಳಿ ಪಟ್ಟೆ, 112 ಅಡಿ ಎತ್ತರ. ದಾರಿಯಲ್ಲಿ ನೆರಳು ಕಮ್ಮಿ. ಟೋಪಿ, ನೀರು ಮರೆಯಬೇಡಿ.

ಆದರೆ ಮೊದಲ ಸಲವೇ ನಾಲ್ಕು ಗಂಟೆ ದೂರ ಹೋಗಬೇಡಿ ಅಂತಲೂ ಹೇಳುತ್ತೇವೆ. ನೋವೈ, ಫಾರ್ಮಿಂಗ್ಟನ್, ಕ್ಯಾಂಟನ್ ಕಡೆಯವರಿಗೆ ಬ್ರೈಟನ್ ರಿಕ್ರಿಯೇಷನ್ ಏರಿಯಾದ ಬಿಷಪ್ ಲೇಕ್ ಹತ್ತಿರ. ಅಲ್ಲಿ ಒಂದು ರಾತ್ರಿ ಮಲಗಿ ನೋಡಿ. ಮಗು ರಾತ್ರಿಯೆಲ್ಲ ಅತ್ತರೆ ಎದ್ದು ಮನೆಗೆ ಬಂದುಬಿಡಬಹುದು. ಹಾಗೆ ಬಂದವರು ನಮ್ಮಲ್ಲೇ ಇದ್ದಾರೆ, ನಾಚಿಕೆ ಪಡುವಂಥದ್ದೇನಿಲ್ಲ.

ಟೆಂಟ್ ಮತ್ತು ಚಳಿ

ಪೆಟ್ಟಿಗೆಯ ಮೇಲೆ 'ಆರು ಜನರ ಟೆಂಟ್' ಅಂತಿದ್ದರೆ ನಾಲ್ಕು ಜನ ಅಂತ ಓದಿಕೊಳ್ಳಿ. ಕೊಳ್ಳುವ ಮೊದಲು ಕೂಟದ ಸ್ನೇಹಿತರನ್ನು ಕೇಳಿ. ಎಷ್ಟೋ ಗರಾಜುಗಳಲ್ಲಿ ಒಂದೇ ಸಲ ಬಳಸಿದ ಟೆಂಟುಗಳು ಬಿದ್ದಿವೆ. ಹೊರಡುವ ಹಿಂದಿನ ವಾರ ಹಿತ್ತಲಲ್ಲಿ ಒಂದು ಸಲ ಕಟ್ಟಿ ನೋಡಿ. ಕತ್ತಲಲ್ಲಿ, ಸೊಳ್ಳೆ ಕಚ್ಚುವಾಗ, ಯಾವ ಕಡ್ಡಿ ಯಾವ ತೂತಿಗೆ ಅಂತ ಗಂಡ ಹೆಂಡತಿ ವಾದ ಮಾಡುವುದು ತಪ್ಪುತ್ತದೆ.

ಟೆಂಟಿನ ಕೆಳಗೆ ಟಾರ್ಪಾಲು ಹಾಸುತ್ತೀರಲ್ಲ, ಅದು ಟೆಂಟಿನ ಅಂಚಿನಿಂದ ಹೊರಗೆ ಇಣುಕಬಾರದು. ನಾವು ದೊಡ್ಡದಿದ್ದರೆ ಒಳ್ಳೆಯದು ಅಂತ ಒಂದಡಿ ಹೊರಗೆ ಬಿಟ್ಟಿದ್ದೆವು. ರಾತ್ರಿ ಮಳೆ ಬಂತು. ಟೆಂಟಿನ ಮೇಲಿಂದ ಇಳಿದ ನೀರೆಲ್ಲ ಆ ಒಂದಡಿಯ ಮೇಲೆ ಬಿದ್ದು ಸೀದಾ ನಮ್ಮ ಬೆನ್ನ ಕೆಳಗೆ ಬಂದು ನಿಂತಿತು. ಅಂಚನ್ನು ಒಳಗೆ ಮಡಚಿದ್ದರೆ ಸಾಕಿತ್ತು. ಇನ್ನೊಂದು ವಿಷಯ: ಲಡಿಂಗ್ಟನ್ ಕಡೆ ನೆಲ ಮರಳು. ಟೆಂಟಿನ ಜೊತೆ ಬರುವ ತಂತಿಯಂಥ ಗೂಟಗಳು ಗಾಳಿಗೆ ಕಿತ್ತು ಬರುತ್ತವೆ. ಉದ್ದನೆಯ ಗೂಟ, ಒಂದು ಸುತ್ತಿಗೆ ಇಟ್ಟುಕೊಳ್ಳಿ.

ಮೇ ಕೊನೆಯಲ್ಲಿ ಹಗಲು ಬಿಸಿಲಿದೆ ಅಂತ ಮೋಸ ಹೋಗಬೇಡಿ. ರಾತ್ರಿ 40ರಿಂದ 50 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ಇಳಿಯಬಹುದು. ಚಳಿ ಮೇಲಿನಿಂದ ಬರುವುದಕ್ಕಿಂತ ಜಾಸ್ತಿ ನೆಲದಿಂದ ಏರುತ್ತದೆ. ಗಾಳಿ ತುಂಬಿದ ಹಾಸಿಗೆಯೊಳಗೆ ತಣ್ಣನೆ ಗಾಳಿ ಇರುತ್ತದಲ್ವಾ, ಅದರ ಮೇಲೆ ದಪ್ಪ ಕಂಬಳಿ ಹಾಸಿ, ಆಮೇಲೆ ಮಲಗಿ. ಟೆಂಟಿನೊಳಗೆ ಗ್ಯಾಸ್ ಒಲೆ, ಇದ್ದಿಲು, ಯಾವುದನ್ನೂ ಹಚ್ಚಲೇಬೇಡಿ. ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ನಿದ್ದೆಯಲ್ಲೇ ಜೀವ ತೆಗೆಯುತ್ತದೆ.

ಬೆಂಕಿ, ಊಟ, ಮುಸುರೆ

ಹಿತ್ತಲಿನ ಸೌದೆ ಸುಮ್ನೆ ಬಿದ್ದಿದೆ ಅಂತ ಕಾರಿಗೆ ತುಂಬಬೇಡಿ. ಏಷ್ಯಾದಿಂದ ಬಂದ ಎಮರಾಲ್ಡ್ ಆಶ್ ಬೋರರ್ ಎಂಬ ಹಸಿರು ಹುಳು 2002ರಲ್ಲಿ ಪತ್ತೆಯಾದದ್ದು ನಮ್ಮ ಡೆಟ್ರಾಯ್ಟ್ ಪಕ್ಕದಲ್ಲೇ. ಅದರ ಮರಿ ತೊಗಟೆಯ ಕೆಳಗೆ ಕೊರೆದು ಆಶ್ ಮರಗಳನ್ನು ಕೋಟಿಗಟ್ಟಲೆ ಕೊಂದಿದೆ. ಅದು ದೂರ ದೂರಕ್ಕೆ ಹರಡಿದ್ದರಲ್ಲಿ ಜನ ಕಾರಿನಲ್ಲಿ ಒಯ್ದ ಸೌದೆಯ ಪಾಲು ದೊಡ್ಡದು. ಪಾರ್ಕಿನಲ್ಲೋ ಹತ್ತಿರದ ಅಂಗಡಿಯಲ್ಲೋ ಕಟ್ಟು ಸೌದೆ ಸಿಗುತ್ತದೆ, ಅದನ್ನೇ ಕೊಳ್ಳಿ. ಉರಿಸುವುದು ಸೈಟಿನಲ್ಲಿ ಬೆಂಕಿಗೆಂದೇ ಇಟ್ಟಿರುವ ಕಬ್ಬಿಣದ ಬಳೆಯೊಳಗೆ ಮಾತ್ರ. ಮಲಗುವಾಗ ನೀರು ಸುರಿದು, ಕೆದಕಿ, ಮತ್ತೆ ಸುರಿಯಿರಿ.

ಅಡುಗೆ ವಿಷಯದಲ್ಲಿ ನಮ್ಮವರು ಮಾಡುವ ತಪ್ಪು ಒಂದೇ: ಜಾಸ್ತಿ. ಪುಳಿಯೋಗರೆ ಗೊಜ್ಜು, ಚಪಾತಿ, ಚಟ್ನಿಪುಡಿ, ಗಟ್ಟಿ ಅವಲಕ್ಕಿ, ಕೂಲರ್‌ನಲ್ಲಿ ಮೊಸರು. ಇಷ್ಟಿದ್ದರೆ ಎರಡು ದಿನ ಕಳೆಯುತ್ತದೆ. ಉಪ್ಪಿಟ್ಟಿಗೆ ರವೆಯನ್ನು ಒಗ್ಗರಣೆ ಸಮೇತ ಮನೆಯಲ್ಲೇ ಹುರಿದು ಡಬ್ಬಿಗೆ ಹಾಕಿಕೊಳ್ಳಿ. ಅಲ್ಲಿ ನೀರು ಕುದಿಸಿದರೆ ಸಾಕು. ಡಿಕಾಕ್ಷನ್ ಫ್ಲಾಸ್ಕಿನಲ್ಲಿ ಬರಲಿ. ಆಗಸ್ಟಿನಲ್ಲಿ ಹೋದರೆ ದಾರಿಬದಿಯಲ್ಲಿ ಮುಸುಕಿನ ಜೋಳ ಕೊಳ್ಳಿ. ಕೆಂಡದ ಮೇಲೆ ಸುಟ್ಟು, ಉಪ್ಪು ಖಾರ ನಿಂಬೆಹಣ್ಣು ತಿಕ್ಕಿದರೆ ಪಕ್ಕದ ಸೈಟಿನವರೂ ಏನದು ಅಂತ ಕೇಳಿಕೊಂಡು ಬರುತ್ತಾರೆ. ಹಾಗೇ ಒಂದು ಬದನೆಕಾಯಿಯನ್ನೂ ಕೆಂಡದಲ್ಲಿ ಹೂತಿಡಿ, ರಾತ್ರಿ ಗೊಜ್ಜಾಯಿತು. ಸಸ್ಯಾಹಾರಿಗಳು ಗಮನಿಸಿ: ಮಕ್ಕಳು ಬೆಂಕಿಯಲ್ಲಿ ಸುಡುವ ಮಾರ್ಷ್‌ಮ್ಯಾಲೋದಲ್ಲಿ ಸಾಮಾನ್ಯವಾಗಿ ಜೆಲಟಿನ್ ಇರುತ್ತದೆ. 'ವೀಗನ್' ಅಂತ ಬರೆದದ್ದು ಹುಡುಕಿ.

ಪಾತ್ರೆಯನ್ನು ಕುಡಿಯುವ ನೀರಿನ ನಲ್ಲಿಯ ಕೆಳಗೆ ತೊಳೆಯಬೇಡಿ. ನಲ್ಲಿಯ ಸುತ್ತ ಅನ್ನದ ಅಗುಳು, ಸಾಸಿವೆ, ಕರಿಬೇವು ಬಿದ್ದಿದ್ದರೆ ಯಾರು ಅಂತ ಯಾರೂ ಕೇಳಬೇಕಾಗಿಲ್ಲ, ಅಲ್ವಾ? ಒಂದು ಟಬ್ಬಿನಲ್ಲಿ ತೊಳೆಯಿರಿ. ಮುಸುರೆ ನೀರನ್ನು ಗಿಡದ ಬುಡಕ್ಕೂ ಚೆಲ್ಲುವಂತಿಲ್ಲ, ಅದಕ್ಕೆಂದೇ ಇರುವ ಜಾಗದಲ್ಲಿ ಸುರಿಯಬೇಕು. ರಾತ್ರಿ ಊಟದ ಡಬ್ಬಿ, ಕೂಲರ್ ಎಲ್ಲ ಕಾರಿನೊಳಗೆ. ರಕೂನ್‌ಗಳ ಕೈ ನಮ್ಮ ಕೈಯಷ್ಟೇ ಚುರುಕು.

ಜೂನ್‌ನಲ್ಲಿ ಲಡಿಂಗ್ಟನ್‌ನಲ್ಲಿ ಸೂರ್ಯ ಮುಳುಗುವುದು ಸುಮಾರು ಒಂಬತ್ತೂವರೆಗೆ. ಹತ್ತರಿಂದ ಬೆಳಿಗ್ಗೆ ಎಂಟರವರೆಗೆ ಸದ್ದು ಮಾಡಬಾರದ ಹೊತ್ತು. ಅಂದರೆ ಕತ್ತಲಾಗಿ ಅಂತ್ಯಾಕ್ಷರಿ ರಂಗೇರುವ ಹೊತ್ತಿಗೆ ದನಿ ಇಳಿಸಬೇಕು. ಬೆಳಿಗ್ಗೆ ಆರಕ್ಕೆ ಕುಕ್ಕರ್ ಕೂಗಿಸಬೇಡಿ.

ನೀರು

ಇದೊಂದನ್ನು ಮಾತ್ರ ತಮಾಷೆ ಮಾಡದೆ ಹೇಳುತ್ತೇವೆ. ಸರೋವರ ಅಂದ ಕೂಡಲೇ ಊರ ಕೆರೆ ನೆನಪಾಗುತ್ತದೆ. ಮಿಷಿಗನ್ ಸರೋವರಕ್ಕೆ ಅಲೆಗಳಿವೆ, ದಡದಿಂದ ಒಳಕ್ಕೆ ಎಳೆಯುವ ಸೆಳೆತವಿದೆ. ಸ್ಟೇಟ್ ಪಾರ್ಕ್ ದಂಡೆಗಳಲ್ಲಿ ಕಾಯುವ ಲೈಫ್‌ಗಾರ್ಡ್ ಇರುವುದಿಲ್ಲ. ಬಾವುಟ ನೋಡಿ: ಹಸಿರಾದರೆ ಸರಿ, ಹಳದಿಯಾದರೆ ಎಚ್ಚರ, ಕೆಂಪಾದರೆ ಇಳಿಯಬೇಡಿ. ಎರಡು ಕೆಂಪು ಬಾವುಟ ಹಾರಿದರೆ ನೀರಿಗಿಳಿಯುವುದಕ್ಕೆ ಕಾನೂನೇ ಬಿಡುವುದಿಲ್ಲ. ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆ ಈಜಿ ಸುಸ್ತಾಗಬೇಡಿ. ಅಂಗಾತ ತೇಲಿ, ಉಸಿರು ಹಿಡಿತಕ್ಕೆ ಬಂದ ಮೇಲೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಿರಿ. ಅಲೆ ಇರುವಾಗ ನೀರೊಳಕ್ಕೆ ಚಾಚಿದ ಕಲ್ಲುಕಟ್ಟೆಯ ಮೇಲೆ ಫೋಟೋಗೆ ನಿಲ್ಲಬೇಡಿ.

ಪುಟ್ಟ ಮಕ್ಕಳಿಗೆ ಹ್ಯಾಮ್ಲಿನ್ ಕಡೆಯೇ ವಾಸಿ, ನೀರು ಬೆಚ್ಚಗೆ, ಅಲೆ ಕಮ್ಮಿ. ದೋಣಿ ಹತ್ತಿದರೆ ಲೈಫ್ ಜಾಕೆಟ್. 6 ವರ್ಷದೊಳಗಿನವರಿಗೆ ಸಣ್ಣ ದೋಣಿಯ ಮೇಲೆ ಅದು ಕಡ್ಡಾಯ. 17 ತುಂಬಿದವರು ಗಾಳ ಹಾಕಬೇಕಾದರೆ ಲೈಸೆನ್ಸ್ ಬೇಕು. ಕಾಡುದಾರಿಯಲ್ಲಿ ನಡೆದು ಬಂದ ಮೇಲೆ ಕಿವಿಯ ಹಿಂದೆ, ಮಂಡಿಯ ಹಿಂದೆ ಉಣ್ಣೆ ಹುಳು (ಟಿಕ್) ಕಚ್ಚಿದೆಯಾ ನೋಡಿ. ಮೂರೆಲೆಯ ಗೊಂಚಲಿನ ಬಳ್ಳಿ ಕಂಡರೆ ಮುಟ್ಟಬೇಡಿ, ವಾರಗಟ್ಟಲೆ ತುರಿಸುತ್ತದೆ.

ಟ್ರೇಲರ್ ಆಸೆ ಇದ್ದವರಿಗೆ

ಟ್ರೇಲರ್ ಅಂದರೆ ಕಾರಿನ ಹಿಂದೆ ಎಳೆದೊಯ್ಯುವ ಪುಟ್ಟ ಮನೆ. ಎರಡು ಮೂರು ಸಲ ಟೆಂಟಿನಲ್ಲಿ ಮಲಗಿದ ಮೇಲೆ ಯೋಚಿಸಿ. ನಮ್ಮ ಮನೆಗಳಲ್ಲಿರುವ ಮಿನಿವ್ಯಾನ್‌ಗಳು ಸಾಮಾನ್ಯವಾಗಿ 3,500 ಪೌಂಡ್‌ವರೆಗೆ ಎಳೆಯುತ್ತವೆ. ನಿಮ್ಮದು ಎಷ್ಟು ಅಂತ ಕಾರಿನ ಪುಸ್ತಕದಲ್ಲಿ ನೋಡಿ, ಬಾಡಿಗೆಗೆ ಕೊಡುವವರ ಮಾತು ನಂಬಬೇಡಿ. ಖಾಲಿ ಟ್ರೇಲರ್ ತೂಕಕ್ಕೆ ಸಾಮಾನು, ನೀರು ಎರಡನ್ನೂ ಸೇರಿಸಿ ಲೆಕ್ಕ ಹಾಕಿ. 30 ಗ್ಯಾಲನ್ ನೀರೇ ಸುಮಾರು 250 ಪೌಂಡ್. ಪಾರ್ಕಿಗೆ ಹೋಗಿ ತುಂಬಿಸಿಕೊಳ್ಳಿ. ರಿವರ್ಸ್ ಹಾಕುವುದನ್ನು ಭಾನುವಾರ ಖಾಲಿ ಪಾರ್ಕಿಂಗ್ ಲಾಟ್‌ನಲ್ಲಿ ಕಲಿಯಿರಿ. ಎಳೆಯುವ ತಾಪತ್ರಯವೇ ಬೇಡವೆಂದರೆ ಟ್ರೇಲರನ್ನು ಸೈಟಿಗೇ ತಂದು ನಿಲ್ಲಿಸಿ, ಕೊನೆಗೆ ಒಯ್ಯುವವರೂ ಸಿಗುತ್ತಾರೆ.

ಟ್ರೇಲರಿನ ಕೊಳಕು ನೀರು ಖಾಲಿ ಮಾಡುವ ಡಂಪ್ ಸ್ಟೇಷನ್‌ನಲ್ಲಿ ಕೈಗವಸು ಹಾಕಿಕೊಂಡು ಮೊದಲು ಟಾಯ್ಲೆಟ್ ಟ್ಯಾಂಕ್ ಬಿಡಿ, ಆಮೇಲೆ ಸಿಂಕಿನ ಸೋಪು ನೀರಿನ ಟ್ಯಾಂಕ್. ಆ ನೀರೇ ಪೈಪನ್ನು ತೊಳೆದುಬಿಡುತ್ತದೆ. ಹಿಂದುಮುಂದಾದರೆ ಪೈಪ್ ತೊಳೆಯುವ ಕೆಲಸ ನಿಮ್ಮದು.

ಟೆಂಟಾಗಲಿ ಟ್ರೇಲರಾಗಲಿ, ಹೊರಡುವ ದಿನ ಮಧ್ಯಾಹ್ನ 1 ಗಂಟೆಯೊಳಗೆ ಸೈಟ್ ಖಾಲಿ ಮಾಡಬೇಕು. ಇಬ್ಬನಿಗೆ ಒದ್ದೆಯಾದ ಟೆಂಟನ್ನು ಹಾಗೇ ಸುತ್ತಿ ಕಾರಿಗೆ ಎಸೆಯಿರಿ, ಪರವಾಗಿಲ್ಲ. ಆದರೆ ಮನೆಗೆ ಬಂದ ರಾತ್ರಿಯೇ, ಎಷ್ಟೇ ಸುಸ್ತಾಗಿದ್ದರೂ, ಗರಾಜಿನಲ್ಲಿ ಬಿಚ್ಚಿ ನೇತುಹಾಕಿ. ಇಲ್ಲದಿದ್ದರೆ ಮುಂದಿನ ಮೇ ತಿಂಗಳಲ್ಲಿ ತೆಗೆದಾಗ ಬೂಷ್ಟು ಹಿಡಿದಿರುತ್ತದೆ, ಮತ್ತೆ ಹೊಸದನ್ನು ಕೊಳ್ಳಬೇಕು.