ಮೆಳ್ಳೆಗಣ್ಣಿನ ಆಪರೇಷನ್: ಮಗುವಿಗೆ ಯಾವ ಅನಸ್ತೇಷಿಯಾ?

"ಬರೀ ಕಣ್ಣಿಗೆ ಮರಗಟ್ಟೋ ಇಂಜೆಕ್ಷನ್ ಕೊಟ್ಟು ಮಾಡೋಕಾಗಲ್ವಾ?" ಮಗುವಿಗೆ ಮೆಳ್ಳೆಗಣ್ಣಿನ ಆಪರೇಷನ್ ಎಂದ ಕೂಡಲೇ ಅಪ್ಪ ಅಮ್ಮ ಕೇಳುವ ಮೊದಲ ಪ್ರಶ್ನೆ ಇದು. ದೊಡ್ಡವರಿಗೆ ಕೆಲವೊಮ್ಮೆ ಆಗುತ್ತದೆ. ಚಿಕ್ಕ ಮಕ್ಕಳಿಗೆ ಆಗುವುದಿಲ್ಲ. ಕಣ್ಣುಗುಡ್ಡೆ ತಿರುಗಿಸುವ ಸ್ನಾಯುವನ್ನು ಬಿಡಿಸಿ, ಮಿಲಿಮೀಟರ್ ಲೆಕ್ಕದಲ್ಲಿ ಜಾಗ ಬದಲಿಸಿ ಹೊಲಿಯುವ ಕೆಲಸ ಅದು. ಮಗು ಒಮ್ಮೆ ತಲೆ ಅಲ್ಲಾಡಿಸಿದರೂ ಕಷ್ಟ. ಪೂರ್ತಿ ನಿದ್ದೆ ಬರಿಸಲೇಬೇಕು. ಹೇಗೆ ಬರಿಸುವುದು ಎಂಬುದನ್ನು ಅನಸ್ತೇಷಿಯಾ ಡಾಕ್ಟರು ತೀರ್ಮಾನಿಸುತ್ತಾರೆ. ಆದರೆ ಅದಕ್ಕೆ ಬೇಕಾದ ಅರ್ಧ ಮಾಹಿತಿ ಇರುವುದು ನಿಮ್ಮ ಹತ್ತಿರ.

ಹಾಗಾಗಿ ಮೊದಲ ಕೆಲಸ, ಮನೆಯ ಹಿರಿಯರನ್ನು ವಿಚಾರಿಸುವುದು. ಅನಸ್ತೇಷಿಯಾ ಕೊಟ್ಟಾಗ ಯಾರಿಗಾದರೂ ವಿಪರೀತ ಜ್ವರ ಏರಿತ್ತಾ, ಮೈ ಸೆಟೆದುಕೊಂಡಿತ್ತಾ? ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾ ಎಂಬ ಅಪರೂಪದ ತೊಂದರೆ ವಂಶದಲ್ಲಿ ಬರುತ್ತದೆ. ಆ ಅನುಮಾನ ಇದ್ದರೆ ನಿದ್ದೆ ಬರಿಸುವ ಸೆವೊಫ್ಲೂರೇನ್ ಗ್ಯಾಸನ್ನು ಡಾಕ್ಟರು ಮುಟ್ಟುವುದೇ ಇಲ್ಲ. ಅಪ್ಪ, ಅಮ್ಮ, ಅಣ್ಣ ಅಕ್ಕಂದಿರಿಗೆ ಆಪರೇಷನ್ ಆದಮೇಲೆ ಜಾಸ್ತಿ ವಾಂತಿ ಆಗಿದ್ದರೆ ಅದನ್ನೂ ಹೇಳಿ. ಇದೆಲ್ಲ ಯಾಕೆ ಎಂದು ಸಂಕೋಚ ಬೇಡ.

ಇನ್ನು ಆಯ್ಕೆಯ ವಿಷಯ. ಗ್ಯಾಸ್ ಆದರೆ ಮುಖಕ್ಕೆ ಮಾಸ್ಕ್ ಹಿಡಿದರೆ ಸಾಕು, ಸೂಜಿ ಚುಚ್ಚುವುದು ನಿದ್ದೆ ಬಂದ ಮೇಲೆ. ಸೂಜಿ ಕಂಡರೆ ಕಿರುಚುವ ಮಗುವಿಗೆ ಇದು ಹಿತ. ಆದರೆ ಏಳುವಾಗ ರಂಪ ಮಾಡುವುದು ಜಾಸ್ತಿ. ರಕ್ತನಾಳದ ಮೂಲಕ ಕೊಡುವ ನಿದ್ದೆಯ ಔಷಧ ಪ್ರೊಪೊಫಾಲ್‌ನಲ್ಲಿ ವಾಂತಿ ಕಡಿಮೆ, ಏಳುವುದೂ ಶಾಂತವಾಗಿ. ಹಾಗಾದರೆ ಅದೇ ಕೊಡಬಹುದಲ್ವಾ?

ಅಲ್ಲೊಂದು ತೊಡಕಿದೆ. ಕಣ್ಣಿನ ಸ್ನಾಯು ಎಳೆದರೆ ಹೃದಯ ನಿಧಾನವಾಗುತ್ತದೆ. 1908ರಲ್ಲೇ ಆಶ್ನರ್ ಮತ್ತು ಡಾನ್ಯಿನಿ ಎಂಬ ಡಾಕ್ಟರು ಇದನ್ನು ವಿವರಿಸಿದ್ದರು. ಟಿಕ್ ಟಿಕ್ ಎನ್ನುತ್ತಿದ್ದ ಮಾನಿಟರ್ ಇದ್ದಕ್ಕಿದ್ದಂತೆ ಟಿಕ್... ಟಿಕ್... ಎಂದು ಎಳೆಯತೊಡಗುತ್ತದೆ. "ಬಿಡಿ ಸರ್" ಅನ್ನುತ್ತಾರೆ ಅನಸ್ತೇಷಿಯಾ ಡಾಕ್ಟರು. ಸರ್ಜನ್ ಕೈ ಸಡಿಲಿಸಿದರೆ ಸಾಮಾನ್ಯವಾಗಿ ಕೆಲವೇ ಸೆಕೆಂಡಿನಲ್ಲಿ ಬಡಿತ ಸರಿಹೋಗುತ್ತದೆ. ಇಲ್ಲದಿದ್ದರೆ ಬಡಿತ ಹೆಚ್ಚಿಸುವ ಅಟ್ರೋಪಿನ್ ಔಷಧ ಇದೆ. ಪ್ರೊಪೊಫಾಲ್‌ನಲ್ಲಿ ಹೀಗಾಗುವುದು ಗ್ಯಾಸ್‌ಗಿಂತ ಜಾಸ್ತಿ. ಎರಡರಲ್ಲೂ ಒಂದು ಕೊಟ್ಟು ಒಂದು ಪಡೆಯುವ ಲೆಕ್ಕ. ಎಷ್ಟೋ ಡಾಕ್ಟರು ಗ್ಯಾಸ್‌ನಲ್ಲಿ ನಿದ್ದೆ ಬರಿಸಿ, ವಾಂತಿ ತಡೆಯಲು ಒಂಡಾನ್ಸೆಟ್ರಾನ್, ಡೆಕ್ಸಾಮೆಥಸೋನ್ ಎರಡೂ ಕೊಡುತ್ತಾರೆ. ಮೂರು ವರ್ಷ ದಾಟಿದ ಮಗು, ಅರ್ಧ ಗಂಟೆಗಿಂತ ಉದ್ದದ ಆಪರೇಷನ್ ಎಂದರೆ ವಾಂತಿ ಸಾಧ್ಯತೆ ಹೆಚ್ಚು. ಅದಕ್ಕೇ "ವಾಂತಿಗೆ ಏನು ಕೊಡ್ತೀರಿ?" ಎಂದು ನೀವೇ ಕೇಳಿ. ನನ್ನ ಪ್ರಕಾರ ಗ್ಯಾಸಾ ಇಂಜೆಕ್ಷನ್ನಾ ಎನ್ನುವುದಕ್ಕಿಂತ ಒಳ್ಳೆಯ ಪ್ರಶ್ನೆ ಇದು.

ಹಿಂದಿನ ದಿನ ಕೆಮ್ಮು, ಜ್ವರ, ಮೂಗು ಸೋರುವುದು ಶುರುವಾದರೆ ಮುಚ್ಚಿಡಬೇಡಿ, ಫೋನ್ ಮಾಡಿ. ಆಪರೇಷನ್ ಮುಂದಕ್ಕೆ ಹೋದರೆ ನಷ್ಟವಿಲ್ಲ. ಊಟ, ಹಾಲಿಗೆ ಸಾಮಾನ್ಯವಾಗಿ 6 ಗಂಟೆ, ಎದೆಹಾಲಿಗೆ 4, ನೀರಿಗೆ 2 ಗಂಟೆಯ ಅಂತರ ಬೇಕು. ನಿಮ್ಮ ಡಾಕ್ಟರು ಬೇರೆ ಹೇಳಿದರೆ ಅದೇ ಪಾಲಿಸಿ. ಅಳುತ್ತಿದೆ ಎಂದು ಅಜ್ಜಿ ಸುಮ್ನೆ ಒಂದು ತುತ್ತು ಬಾಯಿಗಿಟ್ಟರೂ ಹೇಳಿಬಿಡಿ.

ಎದ್ದ ಮೇಲೆ ಮಗು ಕಣ್ಣಿಗೆ ಕೈ ಹಾಕುತ್ತದೆ, ಕೈ ಹಿಡಿದುಕೊಂಡು ಕೂತಿರಿ. ಕಣ್ಣೀರು ತುಸು ಕೆಂಪಗಿದ್ದರೆ ಗಾಬರಿ ಬೇಡ. ಕುಡಿಯಲು ಬಲವಂತ ಮಾಡಿದರೆ ವಾಂತಿ ಆಗುತ್ತದೆ, ತಾನಾಗಿ ಕೇಳಿದಾಗ ಗುಟುಕು ಗುಟುಕಾಗಿ ಕೊಡಿ. ಮನೆಗೆ ಹೊರಡುವಾಗ ಬ್ಯಾಗಿನಲ್ಲಿ ಒಂದು ಕವರ್, ಒಂದು ಜೊತೆ ಬಟ್ಟೆ ಇರಲಿ.