ಕಾಗದದಲ್ಲಿ ಮಾತ್ರ ಇರುವ ಸಕ್ಕರೆ ಕಾಯಿಲೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ನನ್ನ ಭಾವನಿಗೆ ಸಕ್ಕರೆ ಕಾಯಿಲೆ ಇಲ್ಲ. ಇರುವುದು ಅವರ ಅಮ್ಮನಿಗೆ. ಆದರೂ ಜೀವವಿಮೆಯ ಅರ್ಜಿ ತಿರಸ್ಕಾರವಾಯಿತು. ಎರಡು ವರ್ಷದ ಹಿಂದೆ ಮಂಗಳೂರಿನಲ್ಲಿ ಅಪೆಂಡಿಕ್ಸ್ ಆಪರೇಶನ್ ಆದಾಗ ಡಿಸ್ಚಾರ್ಜ್ ಸಮ್ಮರಿಯಲ್ಲಿ ಯಾರೋ ಭಾವನಿಗೇ ಸಕ್ಕರೆ ಕಾಯಿಲೆ ಎಂದು ತಪ್ಪು ಬರೆದಿದ್ದರು. ಭಾವ ಎಲ್ಲರಂತೆ ಏಜೆಂಟನ ಜೊತೆ ಜಗಳ ಮಾಡಿ, ಇನ್ನೊಂದು ಕಂಪನಿಗೆ ಅರ್ಜಿ ಹಾಕಿದರು. ಅಲ್ಲೂ ಅದೇ ಕತೆ. ನಿಮಗೂ ಹೀಗಾದರೆ ಮಾಡಬೇಕಾದ್ದು ಇದು.

ಹೆಜ್ಜೆ 1: ಕಾರಣವನ್ನು ಬರಹದಲ್ಲಿ ಕೇಳಿ. ಯಾವ ದಾಖಲೆ, ಯಾವ ಸಾಲು ಎಂದು ಗೊತ್ತಾಗಬೇಕು.

ಹೆಜ್ಜೆ 2: ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ವಿಭಾಗದಿಂದ ಪೂರ್ತಿ ಕೇಸ್ ಶೀಟ್ (ದಾಖಲಾದಾಗಿನಿಂದ ಬರೆದಿಟ್ಟ ಚಿಕಿತ್ಸೆಯ ವಿವರ) ತೆಗೆದುಕೊಳ್ಳಿ. ವೈದ್ಯರ ನಡತೆಯ 2002ರ ನಿಯಮದಂತೆ, ಕೇಳಿದ 72 ಗಂಟೆಯೊಳಗೆ ಕೊಡಬೇಕು. ಒಳರೋಗಿಯ ದಾಖಲೆ ಇಟ್ಟುಕೊಳ್ಳಬೇಕಾದ್ದು 3 ವರ್ಷ ಮಾತ್ರ, ತಡ ಮಾಡಬೇಡಿ. ಸರ್ಕಾರಿ ಆಸ್ಪತ್ರೆಯಾದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿಯೂ ನಡೆಯುತ್ತದೆ.

ಹೆಜ್ಜೆ 3: ತಪ್ಪು ಹುಡುಕಿ, ತಿದ್ದಿಸಿ. ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ. 'ಎಚ್/ಒ ಡಿಎಂ' (ಹಿಸ್ಟರಿ ಆಫ್ ಡಯಾಬಿಟಿಸ್ ಮೆಲಿಟಸ್) ಅಂದರೆ ರೋಗಿಗೇ ಸಕ್ಕರೆ ಕಾಯಿಲೆ. 'ಎಫ್/ಎಚ್/ಒ ಡಿಎಂ' ಅಂದರೆ ಮನೆಯವರಿಗೆ, 'ಎಫ್' ಎಂದರೆ ಫ್ಯಾಮಿಲಿ. ಒಂದು 'ಎಫ್' ಬಿದ್ದುಹೋದರೆ ಅಮ್ಮನ ಕಾಯಿಲೆ ಮಗನ ತಲೆಗೆ! ಭಾವನ ಕೇಸ್ ಶೀಟಿನ ಮೊದಲ ಪುಟದಲ್ಲಿ 'ಎಫ್' ಇತ್ತು, ಸಮ್ಮರಿಯಲ್ಲಿ ಇರಲಿಲ್ಲ. ಕಾಸರಗೋಡಿನವರಿಗೆ ಹೆಸರಿನ ರಗಳೆ ಬೇರೆ. ಆಧಾರ್‌ನಲ್ಲಿ ಒಂದು ಇನಿಶಿಯಲ್, ರೇಷನ್ ಕಾರ್ಡಿನಲ್ಲಿ ಮನೆ ಹೆಸರು, ಮಲಯಾಳದಿಂದ ಇಂಗ್ಲಿಷಿಗೆ ಬರುವಾಗ ಮೂರನೆಯದೇ ಸ್ಪೆಲ್ಲಿಂಗ್. ಪ್ರತಿ ಪುಟದಲ್ಲೂ ಹೆಸರು, ವಯಸ್ಸು, ಐಪಿ ನಂಬರ್ (ಒಳರೋಗಿಯ ಸಂಖ್ಯೆ) ನಿಮ್ಮದೇನಾ ನೋಡಿ.

ಕೌಂಟರಿನಲ್ಲಿ ಪೆನ್ನಿಂದ ಗೀಚಿ ತಿದ್ದಿಕೊಡುತ್ತೇವೆ ಅಂದರೆ ಬೇಡವೆನ್ನಿ. ಹಳೆ ತಾರೀಕು ಹಾಕಿ ಹೊಸ ಸಮ್ಮರಿ ಪ್ರಿಂಟ್ ಮಾಡಿಕೊಡುತ್ತೇವೆ ಅಂದರೆ ಬೇಡವೇ ಬೇಡ. ಕಂಪನಿಯ ಕೈಯಲ್ಲಿ ಮೊದಲಿನದು ಇದೆ, ಹೋಲಿಸಿದರೆ ಕಳ್ಳರಾಗುವುದು ನೀವು. ನಿಮಗೆ ಬೇಕಾದ್ದು ಲೆಟರ್‌ಹೆಡ್ಡಿನಲ್ಲಿ, ಇಂದಿನ ತಾರೀಕಿನ ತಿದ್ದುಪಡಿ ಪತ್ರ. ಅದರಲ್ಲಿ ಹಳೆ ಐಪಿ ನಂಬರ್, ತಪ್ಪಾದ ಸಾಲು, ಸರಿಯಾದ ಸಾಲು, ಅದಕ್ಕೆ ಆಧಾರ ಯಾವ ಪುಟ ಎಂಬುದು ಇರಬೇಕು. ಕೆಳಗೆ ಡಾಕ್ಟರ ಸಹಿ, ರಿಜಿಸ್ಟ್ರೇಶನ್ ನಂಬರ್, ಸೀಲು. ಚಿಕಿತ್ಸೆ ಕೊಟ್ಟ ಡಾಕ್ಟರೇ ಬರೆಯಲಿ, ಊರಿನ ಡಾಕ್ಟರ ಚೀಟಿಯಿಂದ ಕೆಲಸ ಆಗದು. ಒಪಿ (ಹೊರರೋಗಿ ವಿಭಾಗದ) ರಶ್ಶಿನಲ್ಲಿ ಕೇಳಬೇಡಿ. ಭಾವ ಬೆಳಿಗ್ಗೆಯೇ ಹೋಗಿ ಹೋಗಿ ಕೇರಳ-ಕರ್ನಾಟಕದ ತಲಪಾಡಿ ಗಡಿಯನ್ನು ಮೂರು ಸಲ ದಾಟಿದರು. ಕೊನೆಗೆ ಕೆಲಸ ಆದದ್ದು ಮಧ್ಯಾಹ್ನದ ಮೇಲೆ ಹೋದಾಗ.

ಜೊತೆಗೆ ಒಳ್ಳೆಯ ಲ್ಯಾಬಿನಲ್ಲಿ ಎಚ್‌ಬಿಎ1ಸಿ ರಕ್ತ ಪರೀಕ್ಷೆ ಮಾಡಿಸಿ. ಅದು ಹೆಚ್ಚುಕಡಿಮೆ ಮೂರು ತಿಂಗಳ ಸಕ್ಕರೆಯ ಸರಾಸರಿ. ಶೇಕಡಾ 5.7ಕ್ಕಿಂತ ಕಡಿಮೆ ಇದ್ದರೆ ಸರಿ. ಅಂಗಡಿ ಮುಂದೆ ಉಚಿತವಾಗಿ ಬೆರಳು ಚುಚ್ಚಿ ಕೊಟ್ಟ ಚೀಟಿಯನ್ನು ಸುಮ್ನೆ ಲಗತ್ತಿಸಬೇಡಿ.

ಹೆಜ್ಜೆ 4: ಎಲ್ಲವನ್ನೂ ಕಂಪನಿಗೆ ಕಳಿಸಿ, ಮರುಪರಿಶೀಲನೆ ಕೇಳಿ. ವಾಟ್ಸಾಪ್ ಫೋಟೋ ಬೇಡ, ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡೂ ಇರಲಿ. ಉತ್ತರ ಬಾರದಿದ್ದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ, ಆಮೇಲೆ ವಿಮಾ ನಿಯಂತ್ರಣ ಪ್ರಾಧಿಕಾರದ ದೂರಿನ ಬಿಮಾ ಭರೋಸಾ ಪೋರ್ಟಲ್ ಅಥವಾ 155255 ಫೋನ್ ನಂಬರ್.

ಬೇರೆ ಕಂಪನಿಗೆ ಹೋಗುವುದಾದರೆ, 'ಹಿಂದೆ ತಿರಸ್ಕಾರವಾಗಿದೆಯೇ' ಎಂಬ ಪ್ರಶ್ನೆ ಫಾರಂನಲ್ಲಿ ಇರುತ್ತದೆ. 'ಇಲ್ಲ ಅಂತ ಹಾಕಿ, ಏನೂ ಆಗಲ್ಲ' ಅನ್ನುವ ಏಜೆಂಟ್ ಸಿಕ್ಕೇ ಸಿಗುತ್ತಾನೆ. ವಿಮಾ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಮೊದಲ 3 ವರ್ಷ ಕಂಪನಿ ಪಾಲಿಸಿಯನ್ನು ಪ್ರಶ್ನಿಸಬಹುದು. ಅಷ್ಟರಲ್ಲಿ ನಿಮಗೇನಾದರೂ ಆದರೆ ಓಡಾಡಬೇಕಾದವರು ಮನೆಯವರು, ಏಜೆಂಟ್ ಅಲ್ಲ. ಭಾವನ ಫಾರಂನಲ್ಲಿ ನಾವು 'ಹೌದು, ಎರಡು ಸಲ' ಎಂದೇ ಬರೆದು, ಪಕ್ಕಕ್ಕೆ ತಿದ್ದುಪಡಿ ಪತ್ರ ಪಿನ್ ಹೊಡೆದೆವು.