ಡಿಸ್ಪೋಸಲ್ ಜೊಂಗಾ: ಕೊಂಡದ್ದು, ನೋಂದಾಯಿಸಿದ್ದು, ಮಾರ್ಪಡಿಸಿದ್ದು

ಮಿಲಿಟರಿ ಡಿಸ್ಪೋಸಲ್ ಗಾಡಿ, ಅಂದರೆ ಸೇನೆ ಬಳಸಿ ಕೈಬಿಟ್ಟ ಗಾಡಿ, ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಎಂಜಿನ್ನಿನ ಸದ್ದು ಕೇಳುತ್ತಾರೆ, ಆಮೇಲೆ ತುಕ್ಕು ಹುಡುಕುತ್ತಾರೆ. ಸೇನೆಯ ಜೀಪಿನಂಥ ಗಾಡಿಯಾದ ಜೊಂಗಾ ಕೊಳ್ಳುವಾಗ ನಾನು ಮೊದಲು ನೋಡಲು ಕೇಳಿದ್ದು ಕಾಗದಪತ್ರಗಳನ್ನು. ಯಂತ್ರ ಎಷ್ಟು ಕೆಟ್ಟಿದ್ದರೂ ತಾಳ್ಮೆಯಿಂದ ಸರಿಮಾಡಬಹುದು. ಸೇನೆಯ ಮಾರಾಟ ಪತ್ರವೇ ಇಲ್ಲದಿದ್ದರೆ ಗಾಡಿ ಎಷ್ಟು ಚೆನ್ನಾಗಿ ಓಡಿದರೂ ಅದಕ್ಕೆ ನಂಬರು ಸಿಗುವುದಿಲ್ಲ.

ಜಬಲ್ಪುರದ ವಾಹನ ಕಾರ್ಖಾನೆಯಲ್ಲಿ 1969ರಿಂದ 1999ರವರೆಗೆ ತಯಾರಾದ ಜೊಂಗಾ, ನಿಸ್ಸಾನ್ ಪ್ಯಾಟ್ರೋಲ್ ಗಾಡಿಯ ಹಳೆಯ 60 ಸರಣಿಯ ವಿನ್ಯಾಸವನ್ನು ಆಧರಿಸಿದ್ದು. ಅದರಲ್ಲಿರುವುದು 3956 ಸಿಸಿಯ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಅದರ ಇಂಧನದ ಹಸಿವನ್ನು ಒಪ್ಪಿಕೊಳ್ಳಲಾಗದವರು ಈ ಹವ್ಯಾಸಕ್ಕೆ ಬೇರೆ ಗಾಡಿ ನೋಡಿಕೊಳ್ಳುವುದು ಒಳ್ಳೆಯದು. ಸೇನೆಯಿಂದ ಹೊರಬಂದ ಮಾರುತಿ ಜಿಪ್ಸಿ ಇದಕ್ಕಿಂತ ಹಗುರ, ಬಿಡಿಭಾಗಗಳೂ ಸುಲಭ.

ಸೇನೆ ಕೈಬಿಟ್ಟ ವಾಹನಗಳು ಹರಾಜಿನ ಮೂಲಕ ಹೊರಬರುತ್ತವೆ. ಕೇಂದ್ರ ಸರ್ಕಾರದ ಎಂಎಸ್‌ಟಿಸಿ ಸಂಸ್ಥೆ ಇಂಥ ಇ-ಹರಾಜುಗಳನ್ನು ನಡೆಸುತ್ತದೆ. ಅಲ್ಲಿ ಹಲವು ಗಾಡಿಗಳನ್ನು ಒಟ್ಟಾಗಿ ಕೂಗುವುದುಂಟು. ಹಾಗಾಗಿ ಒಂದೇ ಗಾಡಿ ಬೇಕಾದ ನನ್ನಂಥವರು, ಹರಾಜಿನಲ್ಲಿ ಹಿಡಿದ ವ್ಯಾಪಾರಿಯಿಂದಲೇ ಕೊಳ್ಳಬೇಕಾಗುತ್ತದೆ. ಸೇನೆಯಲ್ಲಿರುವಷ್ಟು ಕಾಲ ವಾಹನದ ನೋಂದಣಿ ಮೋಟಾರು ವಾಹನ ಕಾಯ್ದೆಯ 60ನೇ ಸೆಕ್ಷನ್ನಿನಡಿ ಪ್ರತ್ಯೇಕವಾಗಿ ನಡೆಯುತ್ತದೆ. ಸರ್ಕಾರದ ಒಡೆತನ ತಪ್ಪಿದೊಡನೆ ಎಲ್ಲರಿಗೂ ಅನ್ವಯಿಸುವ, ನೋಂದಣಿಗೆ ಸಂಬಂಧಿಸಿದ 39 ಮತ್ತು 40ನೇ ಸೆಕ್ಷನ್ನುಗಳು ಅದಕ್ಕೂ ಅನ್ವಯಿಸುತ್ತವೆ. ಕೇಂದ್ರ ಮೋಟಾರು ವಾಹನ ನಿಯಮಗಳ 47ನೇ ನಿಯಮವು, ಮಾಜಿ ಸೇನಾ ವಾಹನಕ್ಕೆ ಸಂಬಂಧಪಟ್ಟ ಅಧಿಕಾರಿಗಳು ಕೊಟ್ಟ ನಮೂನೆ 21ರ ಮೂಲ ಮಾರಾಟ ಪ್ರಮಾಣಪತ್ರವನ್ನು ಸ್ಪಷ್ಟವಾಗಿ ಕೇಳುತ್ತದೆ. ಜೆರಾಕ್ಸ್ ತೋರಿಸಿ, ಮೂಲ ಪ್ರತಿ ನಾಳೆ ಬರುತ್ತದೆ ಎಂದವರ ಮಾತಿಗೆ ಮುಂಗಡ ಕೊಡಬಾರದೆಂಬುದು ನಾನು ಮೊದಲಿನಿಂದಲೂ ಪಾಲಿಸಿಕೊಂಡು ಬಂದ ಕ್ರಮ.

ಕಾಗದದ ಮೇಲಿನ ಚಾಸಿಸ್ ಸಂಖ್ಯೆ ಗಾಡಿಯ ಮೇಲೆಯೂ ಇರಬೇಕು. ಗಾಡಿಗೆ ರಿವೆಟ್ ಹೊಡೆದ ಲೋಹದ ಫಲಕದ ಮೇಲಿನ ಸಂಖ್ಯೆಯನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಏಕೆಂದರೆ ರಿವೆಟ್ ಬಿಚ್ಚಿ ಇನ್ನೊಂದು ಗಾಡಿಯ ಫಲಕ ಕೂರಿಸುವುದು ಕಷ್ಟದ ಕೆಲಸವಲ್ಲ. ಉಕ್ಕಿನ ಫ್ರೇಮಿನಲ್ಲಿ ಅಚ್ಚೊತ್ತಿದ ಅಂಕಿಗಳೇ ಆಧಾರ. ಸೇನೆಯ ಗಾಡಿಗಳಿಗೆ ಬಣ್ಣದ ಮೇಲೆ ಬಣ್ಣ ಬಳಿದಿರುವುದರಿಂದ ಆ ಅಂಕಿಗಳು ಹೂತುಹೋಗಿರುತ್ತವೆ. ಅವನ್ನು ತೆರೆಯಲು ಗ್ರೈಂಡರ್ ಹಿಡಿಯಲೇಬಾರದು: ಅಂಚು ಸವೆದ ಅಂಕಿಯನ್ನು ನೋಡಿದ ಮೋಟಾರು ವಾಹನ ನಿರೀಕ್ಷಕರಿಗೆ, ಅದನ್ನು ತಿದ್ದಲಾಗಿದೆ ಎಂಬ ಅನುಮಾನ ಬರುವುದು ಸಹಜ. ನಾನು ಬಣ್ಣ ಕರಗಿಸುವ ದ್ರಾವಣ ಹಚ್ಚಿ, ಮೆದುವಾದ ಪದರಗಳನ್ನು ಮರದ ಚಕ್ಕೆಯಿಂದ ಒಂದೊಂದಾಗಿ ಎಬ್ಬಿಸಿದೆ. ಆಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು, ಮಾರಾಟ ಪತ್ರದ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಿದ ಮೇಲೆಯೇ ಹಣ ಕೊಟ್ಟೆ. ನೋಂದಣಿಯ ದಿನ ನಿರೀಕ್ಷಕರು ನೋಡಿದ್ದೂ ಬಹುಮಟ್ಟಿಗೆ ಇದನ್ನೇ.

ಅದಕ್ಕೆ ಮೊದಲು ಬಣ್ಣ ಬದಲಾಗಬೇಕಿತ್ತು. ರಕ್ಷಣಾ ಇಲಾಖೆಯದಲ್ಲದ ವಾಹನಕ್ಕೆ ಆಲಿವ್ ಹಸಿರು ಬಳಿಯುವುದನ್ನು ಅದೇ ಕೇಂದ್ರ ನಿಯಮಗಳ 121ನೇ ನಿಯಮ ನಿಷೇಧಿಸುತ್ತದೆ. ಹೀಗಿದ್ದೂ ಅದೇ ಬಣ್ಣ ಬೇಕೆಂದು ಹಟ ಹಿಡಿಯುವ ಹವ್ಯಾಸಿಗಳಿದ್ದಾರೆ. ಪೊಲೀಸರು ನಿಲ್ಲಿಸಿದಾಗಲೆಲ್ಲ ವಾದಿಸುವ ಉತ್ಸಾಹ ನನಗಿಲ್ಲವಾದ್ದರಿಂದ ಬೂದು ಬಣ್ಣ ಆರಿಸಿಕೊಂಡೆ. ಮೇಲ್ಮುಖ ಬಾಣದಿಂದ ಆರಂಭವಾಗುವ ಹಳೆಯ ಸೇನಾ ಸಂಖ್ಯೆ ಮತ್ತು ಬಂಪರಿನ ಮೇಲಿನ ಗುರುತುಗಳ ಛಾಯಾಚಿತ್ರ ತೆಗೆದುಕೊಂಡು, ಪೂರ್ತಿಯಾಗಿ ಅಳಿಸಿದೆ. ಬಾಣದ ಪಕ್ಕದ ಎರಡು ಅಂಕಿಗಳು ವರ್ಷವನ್ನು ಸೂಚಿಸುವುದರಿಂದ ಆ ಚಿತ್ರ ಗಾಡಿಯ ಇತಿಹಾಸಕ್ಕೆ ಉಳಿದ ಸಾಕ್ಷಿ.

ಮಾರ್ಪಾಡಿನ ವಿಷಯದಲ್ಲಿ ಹೆಚ್ಚಿನವರು ನನಗೆ ಕೊಟ್ಟ ಸಲಹೆ, ಪೆಟ್ರೋಲ್ ಎಂಜಿನ್ ಕಳಚಿ ಡೀಸೆಲ್ ಕೂರಿಸು ಎಂಬುದು. ನಾನು ಒಪ್ಪಲಿಲ್ಲ. ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ಕೊಟ್ಟ ವಿವರಗಳಿಗಿಂತ ಭಿನ್ನವಾಗುವಂತೆ ಗಾಡಿಯನ್ನು ಬದಲಿಸಕೂಡದೆಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ, 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಕಾನೂನನ್ನು ಬದಿಗಿಟ್ಟರೂ, ತೂಕ ಬೇರೆ, ಕಂಪನ ಬೇರೆಯಾದ ಎಂಜಿನ್ನಿಗಾಗಿ ಮೌಂಟುಗಳನ್ನು ಕತ್ತರಿಸಿ ಬೆಸೆದ ಫ್ರೇಮು ಮತ್ತೆ ಮೊದಲಿನಂತಾಗುವುದಿಲ್ಲ. ನನ್ನ ಕೆಲಸವೆಲ್ಲ ಬೋಲ್ಟು ಬಿಚ್ಚಿದರೆ ಹಿಂದಿನ ಸ್ಥಿತಿಗೆ ಮರಳುವಂಥದ್ದು: ಎಂಜಿನ್ನಿನ ಕಿಡಿಯ ಸಮಯ ನಿಯಂತ್ರಿಸುವ ಹಳೆಯ ಕಾಂಟ್ಯಾಕ್ಟ್ ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್, ಸೀಟ್ ಬೆಲ್ಟು, ಸ್ಪಷ್ಟವಾಗಿ ಕಾಣುವ ಇಂಡಿಕೇಟರುಗಳು. ರಾತ್ರಿ ಸಾಲಾಗಿ ಸಾಗುವಾಗ ಹಿಂದಿನ ಗಾಡಿಗೆ ಕಾಣಲೆಂದು ಇರುವ ಕಾನ್ವಾಯ್ ದೀಪವನ್ನು ಹಾಗೆಯೇ ಬಿಟ್ಟಿದ್ದೇನೆ. ಹೆಚ್ಚು ಶ್ರಮ ಹಿಡಿದದ್ದು ಬ್ರೇಕು. ನಾಲ್ಕೂ ಚಕ್ರಗಳಿಗೆ ಡ್ರಮ್ಮು. ದೀರ್ಘಕಾಲ ನಿಂತ ಗಾಡಿಯಲ್ಲಿ ಬ್ರೇಕ್ ಎಣ್ಣೆ ತೇವ ಹೀರಿ ವೀಲ್ ಸಿಲಿಂಡರುಗಳ ಒಳಗೋಡೆ ಕೊರೆದುಹೋಗಿರುತ್ತದೆ. ರಬ್ಬರ್ ಮಾತ್ರ ಬದಲಿಸಿದರೆ ಸ್ವಲ್ಪ ದಿನದಲ್ಲೇ ಮತ್ತೆ ಸೋರುತ್ತದೆ. ಸಿಲಿಂಡರುಗಳಿಗೆ ಸ್ಟೇನ್‌ಲೆಸ್ ಸ್ಲೀವ್ ಹಾಕಿಸಿ, ಪೈಪುಗಳನ್ನೆಲ್ಲ ಹೊಸದಾಗಿ ಎಳೆಸಿದ ಮೇಲೆ ಪೆಡಲಿಗೆ ಗಟ್ಟಿತನ ಬಂತು.

ಮೂಲ ಎಂಜಿನ್ ಉಳಿಸಿಕೊಂಡದ್ದಕ್ಕೆ 2021ರ ನಂತರ ಇನ್ನೊಂದು ಪ್ರಯೋಜನ ಒದಗಿದೆ. ಆ ವರ್ಷದ ನಿಯಮಗಳ ಪ್ರಕಾರ, 50 ವರ್ಷ ದಾಟಿದ, ಚಾಸಿಸ್, ಬಾಡಿ, ಎಂಜಿನ್ ಮೂಲರೂಪದಲ್ಲಿರುವ ವಾಹನವನ್ನು ವಿಂಟೇಜ್ ಎಂದು ‘ವಿಎ’ ಅಕ್ಷರಗಳಿರುವ ಸಂಖ್ಯೆಯಡಿ ನೋಂದಾಯಿಸಬಹುದು. ಆದರೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಮೊದಲ ವರ್ಷಗಳ ಜೊಂಗಾಗಳು ಈಗಾಗಲೇ ಈ ವಯಸ್ಸು ದಾಟಿವೆ. ಡೀಸೆಲ್ ಕೂರಿಸಿಕೊಂಡವರ ಗಾಡಿಗಳಿಗೆ ಮೂಲ ಎಂಜಿನ್ ಮರಳಿ ಬರುವವರೆಗೆ ಈ ದಾರಿ ಮುಚ್ಚಿದೆ.